ಖಾಡೆ ಎಂದು ಬರೆಸಿದ ಗಾಯ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಬಡತನಕ್ಕೆ ಬಿಟ್ಟಿರಬೇಕು ಎಂದು ಕೇಳಿದವರೆಲ್ಲ ತಿಳಿಯುತ್ತಾರೆ. ಹಾಗಲ್ಲ. ಮಟಕಿಯ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದೆ. ಭಾಗಾಕಾರ ತಪ್ಪಿದ್ದಕ್ಕೆ ಮಾಸ್ತರರು ಅಂಗೈಗೆ ಹೊಡೆದರು. ಕೈ ಹಿಂದಕ್ಕೆಳೆದುಕೊಂಡಿದ್ದಕ್ಕೆ ಕಿವಿಯ ಮೇಲೆ ಹೊಡೆದರು. ಮೂರನೆಯ ಏಟಿಗೆ ನಾನು ಬೆತ್ತ ಹಿಡಿದುಕೊಂಡೆ, ಮೊಣಕಾಲಿಗೆ ಹಾಕಿ ಮುರಿದೆ, ಎರಡೂ ತುಂಡುಗಳನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಮನೆಯಲ್ಲಿ ಅಪ್ಪ ಏನಾಯಿತೆಂದು ಕೇಳಲಿಲ್ಲ. ಎತ್ತು ಕಟ್ಟುವ ಹಗ್ಗವನ್ನು ನೀರಿನಲ್ಲಿ ಅದ್ದಿಕೊಂಡು ಬಂದ. ಅವನ ಕೈ ಸೋಲುವವರೆಗೂ ನಾನು ಅಳಲಿಲ್ಲ. ಮರುವಾರ, ಬೆನ್ನಿನ ಹಕ್ಕಳೆ ಇನ್ನೂ ಉದುರಿರಲಿಲ್ಲ, ಆಳಂದದ ಅಡತಿ ಅಂಗಡಿಯಲ್ಲಿ ಅದೇ ಬೆನ್ನಿನ ಮೇಲೆ ಮೊದಲ ತೊಗರಿ ಚೀಲ ಹೊತ್ತೆ. ಅಂಗಿಯ ಒಳಗೆ ಬಿಸಿಬಿಸಿಯಾಗಿ ಏನೋ ಇಳಿಯಿತು. ಬೆವರು ಅಂದುಕೊಂಡೆ. ಬೆವರಲ್ಲ.

ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಹೊಡೆತ ತಿಂದು ಬಾಯಿ ಬಿಡದವನು ಗಂಡಸು ಎಂದು ನಾನು ನಂಬಿದ್ದೆ. ಆ ನಂಬಿಕೆಯಿಂದ ನನಗೆ ಅನ್ನ ಸಿಕ್ಕಿದೆ. ಅದೇ ನಂಬಿಕೆ ನನ್ನ ಜೀವದ ಗೆಳೆಯನ ಬಲಗೈಯನ್ನೂ ತಿಂದಿದೆ. ಈ ಬರಹ ಆ ಕೈಯ ಬಗ್ಗೆ.

ಆಳಂದದ ಬಜಾರಿನಲ್ಲಿ ಹಮಾಲರ ಪ್ರತಿ ಗುಂಪಿಗೂ ಒಬ್ಬ ಮುಕಾದಮ ಇರುತ್ತಿದ್ದ. ಯಾರು ಯಾವ ಲಾರಿಗೆ, ಯಾರ ಹಾಜರಿ ಹಾಕಬೇಕು, ಯಾರದು ಬೇಡ, ಎಲ್ಲ ಅವನ ಬಾಯಿಮಾತಿನಲ್ಲಿ. ಹಾಜರಿ ಇಲ್ಲದ ದಿನಕ್ಕೆ ಪುಸ್ತಕದಲ್ಲಿ ‘ಖಾಡೆ’ ಎಂದು ಬೀಳುತ್ತಿತ್ತು. ಖಾಡೆ ಎಂದರೆ ಗೈರು, ಅಷ್ಟೆ. ಹೆಂಡತಿಯ ತವರಿಗೆ ಹೋದರೂ ಖಾಡೆ, ಕುಡಿದು ಬಿದ್ದರೂ ಖಾಡೆ, ಕೈಕಾಲು ಮುರಿದರೂ ಖಾಡೆ. ಆದರೆ ಮುರಿದಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ‘ಇವನ ಮೈ ಹೋಯ್ತು’ ಎಂದು ಮರುದಿನ ಅವನ ಜಾಗಕ್ಕೆ ಇನ್ನೊಬ್ಬ ಬಂದು ನಿಲ್ಲುತ್ತಿದ್ದ. ನಾನು ಸೇರಿದ ವರ್ಷ ಒಬ್ಬ ಹಿರಿಯ ಹಮಾಲನ ಮೇಲೆ ಚೀಲಗಳ ಥಪ್ಪಿ ಕುಸಿಯಿತು. ಚೀಲ ಸರಿಸಿ ಎಳೆದಾಗ ಮೊಣಕಾಲಿನ ಕೆಳಗೆ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು, ಅದರ ತುದಿಗೆ ತೊಗರಿಯ ಹೊಟ್ಟು ಅಂಟಿತ್ತು. ಆ ಮನುಷ್ಯ ಹಲ್ಲು ಕಚ್ಚಿಕೊಂಡೇ ಮುಕಾದಮನಿಗೆ ಹೇಳಿದ: “ಯಾಡ್ ದಿನ ಖಾಡೆ ಹಾಕ್ರಿ. ಮೂರನೇ ದಿನ ಬರ್ತೇನಿ.” ಬರಲಿಲ್ಲ. ಮತ್ತೆ ಎಂದೂ ಬರಲಿಲ್ಲ. ಆದರೂ ನಾವೆಲ್ಲ ಅವನ ಎದೆಗಾರಿಕೆಯನ್ನು ವರ್ಷಗಟ್ಟಲೆ ಹೊಗಳಿದೆವು. ಎಂಥ ಮೂರ್ಖರು ನಾವು.

ನನ್ನ ಗೆಳೆಯ ಸಿಕ್ಕಿದ್ದು ಅಲ್ಲಿಯೇ. ನನಗಿಂತ ಎರಡು ವರ್ಷ ದೊಡ್ಡವನು, ಆಳಂದದವನೇ, ನಾನು ಅವನನ್ನು ಭಾಯಿ ಎಂದೇ ಕರೆಯುತ್ತೇನೆ. ಮನೆಯಲ್ಲಿ ಹೆಂಡತಿಯ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ಬೈಗುಳ ಮಾತ್ರ ಮರಾಠಿ. “ಬೈಗುಳಕ್ಕ ಮರಾಠಿ ಬೇಕಲೇ, ಕನ್ನಡದಾಗ ಬೈದ್ರ ಆಶೀರ್ವಾದ ಮಾಡ್ದಂಗ ಕೇಳಸ್ತದ” ಎನ್ನುತ್ತಿದ್ದ. ಸಣ್ಣ ಮೈ. ಆದರೆ ಚೀಲದ ಕೆಳಗೆ ಅವನ ಕಾಲು ನಡುಗಿದ್ದನ್ನು ನಾನು ನೋಡಿಲ್ಲ. ಇಬ್ಬರೂ ಸೇರಿ ಹತ್ತು ವರ್ಷದ ಹಿಂದೆ ಜೇವರ್ಗಿಯ ಹೆದ್ದಾರಿಯ ಪಕ್ಕದ ದೊಡ್ಡ ಗೋದಾಮಿಗೆ ಬಂದೆವು. ನಾನು ಸಂಸಾರ ಸಮೇತ ಜೇವರ್ಗಿಯಲ್ಲೇ ನಿಂತೆ. ಅವನ ಮನೆ ಆಳಂದದಲ್ಲೇ ಉಳಿಯಿತು, ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ.

ಗೋದಾಮಿನ ಒಂದು ಭಾಗದಲ್ಲಿ ಬೇಳೆ, ಹತ್ತಿ, ಸಿಮೆಂಟು. ಇನ್ನೊಂದು ಭಾಗದಲ್ಲಿ ಜನ ಫೋನಿನಲ್ಲಿ ತರಿಸಿಕೊಳ್ಳುವ ಸಾಮಾನು: ಫ್ಯಾನು, ಫ್ರಿಜ್ಜು, ಚಪ್ಪಲಿ, ಏನುಂಟು ಏನಿಲ್ಲ. ಲಾರಿ ಇಳಿಸುವವರು ನಾವು ಹಮಾಲರು. ಅಲ್ಲಿಂದ ಟಂಟಂ ಗಾಡಿಯಲ್ಲಿ, ಬೈಕಿನಲ್ಲಿ ಊರೂರಿಗೆ ಮುಟ್ಟಿಸುವವರನ್ನು ನಾವು ಗಾಡಿಯವರು ಎನ್ನುತ್ತಿದ್ದೆವು. ಗುತ್ತೇದಾರ ಕೊಟ್ಟಷ್ಟು ಕೂಲಿ, ಕರೆದಷ್ಟು ದಿನ ಕೆಲಸ. ಎರಡೂ ಕಡೆಯವರು ಸೇರಿ ಯೂನಿಯನ್ ಕಟ್ಟಿ ಕೆಲಸ ನಿಲ್ಲಿಸಿದಾಗ, ಒಂದು ಬೆಳಿಗ್ಗೆ ಗುತ್ತೇದಾರನ ಕಡೆಯವರು ಎರಡು ಜೀಪಿನಲ್ಲಿ ಬಂದು ಇಳಿದರು. ಕೈಯಲ್ಲಿ ಸೈಕಲ್ ಚೈನು, ನೀರಿನ ಪೈಪು. ನಾನು ಗೇಟಿಗೆ ಅಡ್ಡ ನಿಂತಿದ್ದೆ. ಚೈನು ಹುಬ್ಬಿನ ಮೇಲೆ ಬಂದು ಕೂತಿತು. ಒಂದು ಕಣ್ಣು ಕೆಂಪಗಾಗಿ ಏನೂ ಕಾಣದಾಯಿತು. ಕಾಣುತ್ತಿದ್ದ ಇನ್ನೊಂದು ಕಣ್ಣಿನಿಂದ ನೋಡಿ ಒಬ್ಬನನ್ನು ಹಿಡಿದು ಗೇಟಿನ ಕಬ್ಬಿಣಕ್ಕೆ ಅವನ ಮುಖ ಎಷ್ಟು ಸಲ ಬಡಿದೆನೋ ನನಗೇ ನೆನಪಿಲ್ಲ. ಭಾಯಿ ಹಿಂದಿನಿಂದ ನನ್ನ ನಡು ಹಿಡಿದು ಎಳೆದ. “ಸಾಕಲೇ, ಸಾಯ್ತಾನ! ಪಗಾರ ಕೇಳಾಕ ಬಂದೀವೋ, ಫಾಶಿ ಕೇಳಾಕೋ?” ಆ ದಿನ ಅವನು ಎಳೆಯದಿದ್ದರೆ ನಾನು ಈಗ ಜೈಲಿನಲ್ಲಿರುತ್ತಿದ್ದೆ. ಹುಬ್ಬಿಗೆ ಆರು ಹೊಲಿಗೆ ಬಿದ್ದವು.

ಆಮೇಲೆ ಕರಾರು ಆಯಿತು. ಗುತ್ತೇದಾರ ಹೋದ, ಮಾಲಕರೇ ನೇರವಾಗಿ ನಮ್ಮ ಹೆಸರು ಹಚ್ಚಿಕೊಂಡರು. ತಿಂಗಳಿಗೆ ಗಟ್ಟಿ ಪಗಾರ, ಅದರ ಮೇಲೆ ಚೀಲದ ಲೆಕ್ಕದ ಹೆಚ್ಚಿನ ಕೂಲಿ, ವಾರಕ್ಕೊಂದು ಪಗಾರದ ಸೂಟಿ, ಪಿ.ಎಫ್., ಮನೆಯವರಿಗೂ ಔಷಧದ ವಿಮೆ. ಅಷ್ಟರಲ್ಲಿ ಹಮಾಲರ ಮುಕಾದಮನಾಗಿದ್ದ ನಾನು ಅವರ ಪರವಾಗಿ ಸಹಿ ಮಾಡಿದೆ. ಹೆಬ್ಬೆಟ್ಟಲ್ಲ, ಸಹಿ. ಕಲಬುರಗಿಯಿಂದ ಬಂದಿದ್ದ ಯೂನಿಯನ್ ಅಧ್ಯಕ್ಷರು “ಓದಿ ಸಹಿ ಮಾಡ್ರಿ” ಎಂದರು. ನಾನು ಕೂಲಿಯ ದರದ ಸಾಲನ್ನು ಎರಡು ಸಲ ಓದಿ, ಉಳಿದ ಹಾಳೆಗಳನ್ನು ಮಗುಚಿ, ದೊಡ್ಡ ಅಕ್ಷರದಲ್ಲಿ ಹೆಸರು ಬರೆದೆ. ಆ ಹಾಳೆಗಳಿಗೆ ಪ್ಲಾಸ್ಟಿಕ್ ಹೊದಿಸಿ ಕಾರಕೂನನ ಕಿಟಕಿಯ ಪಕ್ಕದ ಬೋರ್ಡಿಗೆ ಹಚ್ಚಿದರು. ವರ್ಷವಿಡೀ ಅದರ ಮುಂದೆ ನಿಂತು ಬೀಡಿ ಸೇದಿದ್ದೇನೆ. ಓದಿಲ್ಲ.

ಓದಿದವನು ಒಬ್ಬನಿದ್ದ. ಅಫಜಲಪುರದ ಟಂಟಂ ಗಾಡಿಯವ. ಭೀಮಾ ದಂಡೆಯ ಊರುಗಳೆಲ್ಲ ಅವನ ಪಾಳಿಗೆ. ಮೂವತ್ತೈದರ ಮನುಷ್ಯ, ಕೊರಳಲ್ಲಿ ಲಿಂಗ, ಕಿಸೆಯಲ್ಲಿ ಪೆನ್ನು, ಮಾತು ಮಾತಿಗೆ ‘ಕರಾರಿನಾಗ ಹಿಂಗದ, ಕರಾರಿನಾಗ ಹಂಗದ’. ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಕೂತು ಗಾಡಿ ಹೊಡೆಯುವವನಿಗೆ ನಮ್ಮಷ್ಟೇ ಪಗಾರ ಏಕೆ ಎಂಬುದು ಮೊದಲ ಸಿಟ್ಟು. ನಾನು ಬೆನ್ನಿನಿಂದ ಗಳಿಸಿದ್ದನ್ನು ಅವನು ಬಾಯಿಯಿಂದ ಗಳಿಸುತ್ತಾನೆ ಎಂಬುದು ಎರಡನೆಯದು.

ಒಂದು ಮಧ್ಯಾಹ್ನ ಘತ್ತರಗಿಗೆ ಹೋಗಬೇಕಾದ ಫ್ರಿಜ್ಜು ಒಂದಿತ್ತು. ದೊಡ್ಡದು, ಎರಡು ಬಾಗಿಲಿನದು. ಅದನ್ನು ಅವನ ಗಾಡಿಗೆ ಏರಿಸುವುದು ನಮ್ಮ ಕೆಲಸ. ನಾನು ತಲೆಗೆ ಟವೆಲ್ ಸುತ್ತಿ, ಹಗ್ಗ ಹಣೆಗೆ ಕೊಟ್ಟು, ಒಬ್ಬನೇ ಬೆನ್ನಿಗೆ ತೆಗೆದುಕೊಂಡೆ. ಸುತ್ತಲಿದ್ದ ಹಮಾಲರು ಶಿಳ್ಳೆ ಹೊಡೆದರು. ಅವನು ಗಾಡಿಯ ಮುಂದೆ ಅಡ್ಡ ಬಂದ.

“ಇಳಸ್ರಿ ಮುಕಾದಮ. ಇದು ಇಬ್ರು ಎತ್ತೋ ಮಾಲು. ಕರಾರಿನಾಗ ಬರ್ದದ.”

“ಸರಿ ಬಾಜೂಕ. ನನ್ ಬೆನ್ನು ನಿನ್ ಕರಾರು ಕೇಳಿ ಎತ್ತಂಗಿಲ್ಲ.”

“ಇವತ್ತ ನೀವ್ ಒಬ್ರ ಎತ್ತಿದ್ರ, ನಾಳೆ ಎಲ್ಲಾರ್ಗೂ ಒಬ್ಬೊಬ್ರ ಎತ್ರಿ ಅಂತಾರ. ಇಬ್ರ ಕೆಲ್ಸದಾಗ ಒಬ್ಬನ ಹೊಟ್ಟಿ ಹೊಡೀತೀರಿ.”

“ಹೊಟ್ಟಿ ಹೊಡಿಯೋ ಮಗ ನೀನು. ಸರಿ ಅಂದೇನಿ!”

ಸರಿಯಲಿಲ್ಲ. ನಾನು ಭುಜದಿಂದ ನೂಕಿದೆ, ಅವನು ಫ್ರಿಜ್ಜಿನ ಅಂಚು ಹಿಡಿದ, ಹಗ್ಗ ಜಾರಿತು. ಫ್ರಿಜ್ಜು ಅವನ ಗಾಡಿಯ ಮೂಲೆಗೆ ಬಡಿದು ನೆಲಕ್ಕೆ ಬಿತ್ತು, ಬಾಗಿಲು ಒಳಕ್ಕೆ ಕುಸಿಯಿತು. ಅವನು ಆ ತಗ್ಗನ್ನು ನೋಡಿ, ನನ್ನನ್ನು ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದ: “ಎತ್ತು. ಎತ್ತು ಅಂದ್ರ ಎತ್ತತದ, ಮತ್ತೇನೂ ತಿಳಿಯಂಗಿಲ್ಲ. ಏಳನೇತ್ತ ಪಾಸಾಗಿದ್ರ ತಿಳೀತಿತ್ತು.”

ಗಾಡಿಯವರು ನಕ್ಕರು. ನನ್ನ ಹಮಾಲರಲ್ಲೂ ಇಬ್ಬರು ನಕ್ಕರು. ಅಪ್ಪ ಹಗ್ಗ ಹಿಡಿದು ಬಂದ ದಿನವೂ ಇಲ್ಲದ ಬೆಂಕಿ ತಲೆಗೆ ಏರಿತು. ಹಮಾಲನ ಸೊಂಟದಲ್ಲಿ ಚೀಲ ಎಳೆಯುವ ಹುಕ್ಕು ಸದಾ ಇರುತ್ತದೆ. ಬಾಗಿದ ಕಬ್ಬಿಣ, ಮರದ ಹಿಡಿ, ತುದಿ ತಿಕ್ಕಿ ತಿಕ್ಕಿ ಸೂಜಿಯಾದದ್ದು. ಅದು ಕೈಗೆ ಬಂದಿದ್ದು ನನಗೆ ತಿಳಿಯಲೇ ಇಲ್ಲ. ಅವನ ಕೊರಳಿಗೆ ಬೀಸಿದೆ. ಕೊರಳಿಗೇ ಬೀಸಿದೆ, ಸುಳ್ಳು ಬರೆಯುವುದಿಲ್ಲ.

ಭಾಯಿ ನಡುವೆ ಬಂದ. ಗೇಟಿನಲ್ಲಿ ನನ್ನ ನಡು ಹಿಡಿದವನು ಈ ಸಲ ಬಲಗೈ ಚಾಚಿದ. ಹುಕ್ಕು ಅವನ ಅಂಗೈಯಲ್ಲಿ ಹೊಕ್ಕು ಹಿಂಗೈಯಲ್ಲಿ ತುದಿ ತೋರಿಸಿತು. ನಾನು ಬೀಸಿದ ರಭಸಕ್ಕೆ ಹುಕ್ಕು ತನ್ನ ಜೊತೆಗೆ ಅವನ ಕೈಯನ್ನು, ಕೈಯ ಜೊತೆಗೆ ಅವನನ್ನೂ ಎಳೆದುಕೊಂಡು ಬಂತು. ಅವನು ನನ್ನ ಎದೆಗೆ ಬಂದು ಅಪ್ಪಳಿಸಿದ. ಚೀರಲಿಲ್ಲ. “ತಗಿ” ಎಂದ ಮೆಲ್ಲಗೆ. “ಸೀದಾ ಎಳೀಬ್ಯಾಡ. ಹೆಂಗ ಹೋಗ್ಯದ ಹಂಗ ತಿರುವಿ ತಗಿ. ಚೀಲದಾಗಿಂದ ತಗದಂಗ.” ಚೀಲದಿಂದ ತೆಗೆದ ಹಾಗೆಯೇ ತಿರುವಿ ತೆಗೆದೆ. ಒಳಗೆ ಏನೋ ಹುರಿ ಹರಿದಂತೆ ಕೈಗೆ ತಟ್ಟಿತು. ರಕ್ತ ಫ್ರಿಜ್ಜಿನ ಬಿಳಿಯ ಬಾಗಿಲಿನ ಮೇಲೆ ಹನಿಯಿತು.

ನನ್ನ ತಲೆಯ ಟವೆಲ್ ಅವನ ಕೈಗೆ ಬಿಗಿದು ಹೊರಗೆ ನಡೆಸಿಕೊಂಡು ಹೊರಟೆ. ಕಿಟಕಿಯಲ್ಲಿ ಕಾರಕೂನ ಹಾಜರಿ ಪುಸ್ತಕ ತೆರೆದು ಕೂತಿದ್ದ. ಅವನಿಗೆ ಒಳಗಿನದು ಕಂಡಿರಲಿಲ್ಲ, ಗದ್ದಲ ಮಾತ್ರ ಕೇಳಿತ್ತು.

“ಏನಾತ್ರಿ ಮುಕಾದಮ? ಇವ್ರು ಎಲ್ಲಿ ಹೊಂಟಾರ?”

“ಏನಿಲ್ಲ. ಇವಂಗ ನಾಕ್ ದಿನ ಖಾಡೆ ಹಾಕು.”

“ಖಾಡೇನ? ಮತ್ತೇನೂ ಇಲ್ಲಲ್ಲ?”

ಭಾಯಿ ಟವೆಲ್ ಸುತ್ತಿದ ಕೈಯನ್ನು ಬೆನ್ನ ಹಿಂದೆ ಮಾಡಿದ. “ಖಾಡೇರಿ. ಊರಾಗ ಕೆಲ್ಸ ಅದ.”

ಇಷ್ಟು ವರ್ಷಗಳ ಚಾಳಿ ನಮ್ಮಿಬ್ಬರ ಬಾಯಿಂದಲೂ ಒಂದೇ ಮಾತು ಆಡಿಸಿತು. ಹಾಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದಿಲ್ಲ. ಚಾಳಿ ಅವನದಾಗಿತ್ತು. ನನ್ನದರಲ್ಲಿ ಅರ್ಧ ಹೆದರಿಕೆ.

ಔಷಧದ ಅಂಗಡಿಯಲ್ಲಿ ಒಂದು ಇಂಜೆಕ್ಷನ್ ಮಾಡಿಸಿ, ಗಾಯಕ್ಕೆ ಪಟ್ಟಿ ಹಾಕಿಸಿ ಆಳಂದದ ಬಸ್ಸಿಗೆ ಹತ್ತಿಸಿದೆ. ಫ್ರಿಜ್ಜಿನ ಬಾಗಿಲನ್ನು ನಾನೇ ಒರೆಸಿದೆ. ‘ಇಳಿಸುವಾಗ ಜಾರಿತು’ ಎಂದು ಬರೆಸಿದೆ. ಮರುದಿನದಿಂದ ಹಮಾಲರು ಗಾಡಿಯವರ ಜೊತೆ ಮಾತು ಬಿಟ್ಟರು, ಗಾಡಿಯವರು ನಮ್ಮ ಜೊತೆ. ಎರಡು ಕಡೆಯವರೂ ನಡೆದದ್ದನ್ನು ಕಾರಕೂನನಿಗೆ ಹೇಳಲಿಲ್ಲ. ನನ್ನವರು ನನ್ನ ಹೆದರಿಕೆಗೆ. ಅವರು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಐದನೆಯ ದಿನ ನನ್ನ ವಾರದ ಸೂಟಿ. ಆಳಂದಕ್ಕೆ ಹೋದೆ. ಭಾಯಿ ಗೋಡೆಗೆ ಒರಗಿ ಕೂತಿದ್ದ. ಕೈ ಮೊಣಕೈವರೆಗೂ ಬಾತು ಹೊಳೆಯುತ್ತಿತ್ತು, ಬೆರಳ ತುದಿಗಳು ಬದನೆಕಾಯಿ ಬಣ್ಣ. ಪಟ್ಟಿಯಿಂದ ವಾಸನೆ. ನನ್ನನ್ನು ನೋಡಿ ನಕ್ಕ. “ಬಾರಲೇ ಮುಕಾದಮ. ನೋಡು, ಈ ಕೈ ಮ್ಯಾಗ ದಪ್ಪ ಆಗೇನಿ. ಉಳಿದದ್ದೂ ಹಿಂಗ ಆದ್ರ ನಿನ್ನಂಗ ಪೈಲ್ವಾನ ಆಗ್ತೇನಿ.”

ಅವನ ಹೆಂಡತಿ, ನನಗೆ ಭಾಬಿ, ಚಹಾದ ಕಪ್ಪನ್ನು ನನ್ನ ಮುಂದೆ ಇಟ್ಟಳು. ಇಡಲಿಲ್ಲ, ಕುಕ್ಕಿದಳು. ಚಹಾ ನನ್ನ ಕಾಲಿನ ಮೇಲೆ ಚೆಲ್ಲಿತು.

“ಅಣ್ಣಾ, ಇವ್ರು ಈಳಿಗಿ ಬಡೀತು ಅಂತಾರ. ಈಳಿಗಿ ಈ ಕಡಿಂದ ಹೊಕ್ಕು ಆ ಕಡಿಂದ ಹೊರಗ ಬರ್ತದೇನು?”

ನಾನು ಭಾಯಿಯ ಮುಖ ನೋಡಿದೆ. ಅವನು ಸೂರು ನೋಡುತ್ತಿದ್ದ.

“ಡಾಕ್ಟರು ಕಲಬುರಗಿಗೆ ಒಯ್ರಿ ಅಂದಾರ. ಒಳಗಿನ ನರ ಹರದದಂತ. ಆಪರೇಷನ್ ಆಗ್ಬೇಕಂತ, ಇಲ್ಲಂದ್ರ ಕೈ ತಗೀಬೇಕಂತ. ಇವ್ರ ಕೇಳಿದ್ರ ಮುಂದಿನ ತಿಂಗಳ ಅಂತಾರ.” ಅವಳ ದನಿ ಏರಲಿಲ್ಲ, ಅದೇ ನನಗೆ ಹೊಡೆತವಾಯಿತು. “ನಿಮ್ಗ ರೊಕ್ಕ ಕೇಳಾಕತ್ತಿಲ್ಲ ನಾ. ಇವ್ರ ಕೆಲ್ಸ ಇರ್ತದ ಹೌದಲ್ಲೋ, ಅಷ್ಟ ಹೇಳ್ರಿ.”

“ಇರ್ತದ ಭಾಬಿ. ನಾ ಇದ್ದೇನಲ್ಲ.”

ಏಳನೆಯ ದಿನ ಊಟದ ಹೊತ್ತಿನಲ್ಲಿ ನೀರಿನ ಟಾಕಿಯ ಹಿಂದೆ ಅಫಜಲಪುರದವ ನನಗಾಗಿ ಕಾಯುತ್ತಿದ್ದ. ಕಿಸೆಯ ಪೆನ್ನು ತೆಗೆದು ಟಾಕಿಯ ಮೇಲಿಟ್ಟಿದ್ದ, ಅಂಗಿಯ ತೋಳು ಮಡಚಿದ್ದ. “ನನ್ ಕೊರಳಿಗೆ ಬೀಸಿದ ಹಿಸಾಬ ಉಳದದ” ಎಂದ. ಹುಕ್ಕನ್ನು ನೆಲಕ್ಕೆ ಎಸೆದೆ. ಮಾತು ಅಲ್ಲಿಗೆ ಮುಗಿಯಿತು. ಓದಿದವನ ಕೈ ಮೆತ್ತಗಿರುತ್ತದೆ ಎಂದುಕೊಂಡಿದ್ದೆ, ಇರಲಿಲ್ಲ. ಮೊದಲ ಗುದ್ದಿಗೆ ನನ್ನ ಹಳೆಯ ಹುಬ್ಬು ಬಿಚ್ಚಿತು. ನಾನು ಅವನನ್ನು ಟಾಕಿಗೆ ಒತ್ತಿ ಹೊಟ್ಟೆಗೆ ಮೊಣಕಾಲು ಕೊಟ್ಟೆ. ಅವನು ನನ್ನ ಕಿವಿ ಕಚ್ಚಿ ಹಿಡಿದ. ಕಿವಿ ಬಿಡಿಸಿಕೊಳ್ಳಲು ಬಾಯಿಗೆ ಗುದ್ದಿದೆ, ಅವನ ಮುಂದಿನ ಹಲ್ಲು ನನ್ನ ಬೆರಳ ಗೆಣ್ಣಿನಲ್ಲಿ ಕೂತು ಮುರಿಯಿತು. ಇಬ್ಬರೂ ಕೆಸರಿನಲ್ಲಿ ಬಿದ್ದೆವು. ಎದ್ದೆವು. ಮತ್ತೆ ಬಿದ್ದೆವು. ಕೊನೆಗೆ ಅವನ ಎದೆಯ ಮೇಲೆ ಕೂತು ಕೈ ಎತ್ತಿದೆ. ಅವನು ರಕ್ತ ಉಗುಳಿ, ಮುರಿದ ಹಲ್ಲಿನ ಸಂದಿಯಿಂದ ಹೇಳಿದ:

“ಹೊಡಿ. ಹೊಡದು ಮುಗಿಸಿ ಬೋರ್ಡಿಗೆ ಹೋಗು. ನಾಳೆ ನಿನ್ ದೋಸ್ತನ ಹೆಸರು ಹೋಗ್ತದ.”

ಎತ್ತಿದ ಕೈ ಹಾಗೇ ನಿಂತಿತು.

ಇಬ್ಬರೂ ನಲ್ಲಿಯಲ್ಲಿ ಮುಖ ತೊಳೆದೆವು. ಅವನು ಮುಂದೆ, ನಾನು ಹಿಂದೆ. ಬೋರ್ಡಿನ ಮುಂದೆ ನಿಂತು ಪ್ಲಾಸ್ಟಿಕ್ಕಿನ ಮೇಲೆ ಒದ್ದೆ ಬೆರಳಿಟ್ಟು ಓದಿದ. ಕಾರಣ ಬರೆಸದೆ ಸತತ ಎಂಟು ದಿನ ಗೈರಾದವನ ಹೆಸರನ್ನು ಪುಸ್ತಕದಿಂದ ತೆಗೆಯಲಾಗುವುದು. ಅದರ ಕೆಳಗೆ: ಗೋದಾಮಿನೊಳಗೆ ಕೆಲಸದ ಹೊತ್ತಿನಲ್ಲಿ ಆದ ಗಾಯಕ್ಕೆ, ಗಾಯ ಯಾರಿಂದಲೇ ಆಗಿರಲಿ, ವಾಸಿಯಾಗುವ ತನಕ ಪೂರ್ಣ ಪಗಾರ, ಆಪರೇಷನ್ನಿನ ಪೂರ್ತಿ ಖರ್ಚು. ಆದರೆ ಗಾಯವನ್ನು ಪುಸ್ತಕದಲ್ಲಿ ಗಾಯವೆಂದೇ ಬರೆಸಿರಬೇಕು.

“ಪುಸ್ತಕದಾಗ ಏನದ?” ಎಂದು ಕೇಳಿದ ನನಗೆ.

ನಾನು ಕಾರಕೂನನ ಕಿಟಕಿಯತ್ತ ನೋಡಿದೆ.

“ಖಾಡೆ ಅದ. ನೀನ ಬರ್ಸೀದಿ. ಇನ್ನೊಂದು ಸಾಲದ, ಅದನ್ನೂ ಕೇಳು. ಕೆಲ್ಸದ ಜಾಗದಾಗ ಹತಾರ ಎತ್ತಿದವ್ನ ವಜಾ, ಇಲ್ಲಾ ಸಮಿತಿ ಹೇಳಿದ ಶಿಕ್ಷಾ. ಅವನ ಗಾಯ ಬರ್ಸಿದ್ರ ನಿನ್ ಹುಕ್ಕೂ ಬರ್ಸಬೇಕಾಗ್ತದ.”

“ಇಷ್ಟು ಗೊತ್ತಿದ್ದವ ನೀನ ಯಾಕ ಹೇಳ್ಲಿಲ್ಲ?”

“ಗಾಡಿಯವ ಹಮಾಲನ ಮ್ಯಾಲ ಚಾಡಿ ಹೇಳಿದ ಅಂದ್ರ ಯೂನಿಯನ್ ನಡಕ್ಕ ಸೀಳತದ. ಮುಂದಿನ ಕರಾರು ಮಾಡಾಕ ಯಾರೂ ಉಳಿಯಂಗಿಲ್ಲ. ನೀ ಹೇಳಬೇಕು. ನಿನ್ ಬಾಯಿಂದ ಬರ್ಬೇಕು.” ಟಾಕಿಯ ಮೇಲೆ ಬಿಟ್ಟಿದ್ದ ಪೆನ್ನು ತೆಗೆದುಕೊಳ್ಳಲು ಹಿಂದಕ್ಕೆ ಹೋದ.

ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. “ಒಂದ್ ವಾರ ಆತು, ರೊಟ್ಟಿ ತಿನ್ನುವಾಗ ನಿಮ್ ಕೈ ನೀವ ನೋಡ್ಕೋತ ಕೂಡ್ತೀರಿ” ಎಂದಳು. “ಹೋಗಿ ಹೇಳಿ ಬರ್ರಿ. ಕೆಲ್ಸ ಹೋದ್ರ ನಾ ದುಡೀತೇನಿ, ಅದಕ್ಕೇನು.” ಅಧ್ಯಕ್ಷರಿಗೆ ಫೋನು ಮಾಡಿದೆ, ಭಾಯಿಗೂ ಮಾಡಿದೆ, ಬಾ ಎಂದೆ, ಯಾಕೆಂದು ಹೇಳಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಕಚೇರಿಯಲ್ಲಿ ಮ್ಯಾನೇಜರ್, ಅಧ್ಯಕ್ಷರು, ಪುಸ್ತಕ ಹಿಡಿದ ಕಾರಕೂನ. ಗಾಡಿಯವರ ಪರವಾಗಿ ಅಫಜಲಪುರದವ ಬಾಗಿಲಲ್ಲಿ ನಿಂತಿದ್ದ, ತುಟಿ ಬಾತಿತ್ತು. ಭಾಯಿ ಹೆಂಡತಿಯ ದುಪಟ್ಟಾದಲ್ಲಿ ಕೈ ಕಟ್ಟಿಕೊಂಡು ಬಂದ. ನಾನು ನಿಂತು, ಫ್ರಿಜ್ಜಿನಿಂದ ಹಿಡಿದು ಖಾಡೆಯವರೆಗೆ ಎಲ್ಲ ಹೇಳಿದೆ. ಹುಕ್ಕನ್ನು ತೆಗೆದು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಬೆತ್ತದ ತುಂಡುಗಳನ್ನು ಇಟ್ಟ ಮೇಜು ನೆನಪಾಯಿತು. ಅಂದು ಎದೆ ಉಬ್ಬಿತ್ತು. ಈಗ ಬಾಯಿ ಒಣಗಿತ್ತು.

ಮ್ಯಾನೇಜರ್ ಭಾಯಿಯತ್ತ ತಿರುಗಿದರು. “ಹೌದೇನ್ರಿ ಇದು?”

“ಇಲ್ರಿ ಸಾಹೇಬ್ರ” ಎಂದ ಭಾಯಿ. “ಇವಂಗ ತಲಿ ಕೆಟ್ಟದ. ಮನ್ಯಾಗ ಈಳಿಗಿ ಬಡೀತ್ರಿ. ಇವನು ನಂಗ ಪಗಾರ ಕೊಡ್ಸಾಕ ಸುಳ್ಳ ಹೇಳಾಕತ್ತಾನ.”

“ಭಾಯಿ, ಸುಮ್ನಿರು.”

“ನೀ ಸುಮ್ನಿರಲೇ. ಕೈ ನಂದು, ಎಲ್ಲಿ ಬಡ್ಕೊಂಡೇನಿ ಅಂತ ನಂಗ ಗೊತ್ತಿಲ್ಲೇನು? ಈಳಿಗೀರಿ. ಖಾಡೆ ಬರ್ದದ್ದು ಸರಿ ಅದ. ಹೆಸರ ತಗೀರಿ ಬೇಕಾದ್ರ.”

ಅವನು ನಗುತ್ತಿದ್ದ. ಆ ಬದನೆಕಾಯಿ ಬಣ್ಣದ ಬೆರಳುಗಳು ದುಪಟ್ಟಾದ ಅಂಚಿನಲ್ಲಿ ಅಲುಗದೆ ಜೋತಿದ್ದವು, ಅವನು ನಗುತ್ತಿದ್ದ. ಎಲುಬು ಹೊರಬಂದಿದ್ದ ಆ ಹಿರಿಯ ಹಮಾಲನೂ ಹೀಗೆಯೇ ಹಲ್ಲು ತೋರಿಸಿದ್ದ. ನಾನು ಭಾಯಿಯ ಕೆನ್ನೆಗೆ ಹೊಡೆದೆ. ಇಷ್ಟು ವರ್ಷದಲ್ಲಿ ಅವನ ಮೇಲೆ ಬೇಕೆಂದು ಕೈ ಎತ್ತಿದ್ದು ಅದೊಂದೇ ಸಲ. ಅವನ ಟೋಪಿ ಹಾರಿ ಕಾರಕೂನನ ಪುಸ್ತಕದ ಮೇಲೆ ಬಿತ್ತು. ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿ ಕೂಗಿದೆ: “ಸುಳ್ಳ ಹೇಳಬ್ಯಾಡ! ನೋವಾಗ್ಯದ ಅನ್ನು! ಒಂದ್ಸಲ ಅನ್ನು ಬಾಯ್ಬಿಟ್ಟು! ಪೆಟ್ಟಾಗ್ಯದ ಅನ್ನಲೇ!”

ಅಧ್ಯಕ್ಷರು, ಕಾರಕೂನ ಇಬ್ಬರೂ ಸೇರಿ ನನ್ನನ್ನು ಎಳೆದರು. ಭಾಯಿ ಗೋಡೆಗೆ ಆನಿ ಜಾರುತ್ತ ನೆಲಕ್ಕೆ ಕೂತ. ನಗು ಹೋಗಿತ್ತು. ಎಡಗೈಯಿಂದ ಬಲಗೈಯನ್ನು ಎದೆಗವಚಿಕೊಂಡು, ನಾನು ಎಂದೂ ಕೇಳದ ದನಿಯಲ್ಲಿ ಹೇಳಿದ: “ಪೆಟ್ಟಾಗ್ಯದ್ರಿ. ಭಾಳ ಪೆಟ್ಟಾಗ್ಯದ. ನಿದ್ದಿ ಇಲ್ರಿ ಎಂಟ್ ದಿನ. ಇವ್ನ ಹುಕ್ಕ ಹೊಕ್ಕದ್ರಿ.” ಅಳತೊಡಗಿದ. ಕಾರಕೂನ ಟೋಪಿ ಎತ್ತಿ ಅವನ ತಲೆಗೆ ಇಟ್ಟು, ಪುಸ್ತಕ ತೆರೆದು ಎಂಟು ಖಾಡೆಗಳ ಮೇಲೆ ಗೆರೆ ಎಳೆದು ‘ಗಾಯ’ ಎಂದು ಬರೆದ. ಎಂಟು ಸಲ ಬರೆದ. ಎಂಟು ಸಲವೂ ಪೆನ್ನಿನ ಸದ್ದು ನನಗೆ ಕೇಳಿಸಿತು.

ಮ್ಯಾನೇಜರ್ ನನ್ನ ಹೆಸರಿನ ಮುಂದೆ ಒಂದಲ್ಲ, ಎರಡು ತಪ್ಪು ಬರೆದುಕೊಂಡರು. ಒಂದು ಹುಕ್ಕು, ಇನ್ನೊಂದು ಕಚೇರಿಯಲ್ಲಿ ಕೈ ಮಾಡಿದ್ದು. ವಜಾ ಎಂದರು. ಆಗ ಬಾಗಿಲಲ್ಲಿದ್ದವ ಬಾತ ತುಟಿಯಲ್ಲೇ ಮಾತಾಡಿದ. “ನಾ ಅವ್ರಿಗೆ ಎತ್ತು ಅಂದೇನ್ರಿ, ಎಲ್ಲಾರ ಮುಂದ. ಅದನ್ನೂ ಬರ್ಕೋರಿ. ಮತ್ತ ಕರಾರಿನಾಗ ವಜಾ ಒಂದ ಇಲ್ರಿ, ‘ಇಲ್ಲಾ ಸಮಿತಿ ಹೇಳಿದ ಶಿಕ್ಷಾ’ ಅಂತನೂ ಅದ.” ಸಮಿತಿ ಕೂತಿತು. ಎರಡು ತಿಂಗಳು ಪಗಾರವಿಲ್ಲದೆ ಹೊರಗೆ. ಮುಕಾದಮಗಿರಿ ಹೋಯಿತು, ಅದರ ಹೆಚ್ಚಿನ ಪಗಾರವೂ. ಮರಳಿ ಬಂದಾಗ ಪುಸ್ತಕದಲ್ಲಿ ಕೊನೆಯ ಹೆಸರು. ಹುಕ್ಕನ್ನು ಕಚೇರಿಯಲ್ಲೇ ಇಟ್ಟುಕೊಂಡರು.

ಆ ಎರಡು ತಿಂಗಳು ಹೆಂಡತಿ ಹತ್ತಿ ಬಿಡಿಸಲು ಹೋದಳು, ನಾನು ಬಾವಿ ತೋಡುವವರ ಜೊತೆ ಕಲ್ಲು ಒಡೆದೆ. ಭಾಯಿಗೆ ಕಲಬುರಗಿಯಲ್ಲಿ ಎರಡು ಸಲ ಆಪರೇಷನ್ ಆಯಿತು, ಖರ್ಚೆಲ್ಲ ಕರಾರಿನ ಪ್ರಕಾರ ಮಾಲಕರದು. ನಾಲ್ಕೂವರೆ ತಿಂಗಳು ಮನೆಯಲ್ಲಿ ಕೂತು ಪೂರ್ಣ ಪಗಾರ ತೆಗೆದುಕೊಂಡ. ಕೈ ಉಳಿಯಿತು. ತೋರುಬೆರಳು ಮತ್ತು ನಡುಬೆರಳು ಮಡಚುವುದಿಲ್ಲ. ಚೀಲ ಎತ್ತಲಾಗದವನಿಗೆ ಹಗುರ ಕೆಲಸ ಕೊಡಬೇಕೆಂದೂ ಅದೇ ಹಾಳೆಯಲ್ಲಿತ್ತು. ಈಗ ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಚೀಲ ಎಣಿಸುತ್ತಾನೆ. ಎಡಗೈಯಲ್ಲಿ ಬರೆಯಲು ಕಲಿತಿದ್ದಾನೆ, ಅಕ್ಷರಗಳೆಲ್ಲ ಕುಡಿದವರ ಹಾಗೆ ವಾಲುತ್ತವೆ. ನಾನು ಬೆನ್ನಿನ ಮೇಲೆ ಚೀಲ ಹೊತ್ತು ಅವನ ಮುಂದಿನಿಂದ ಹೋಗುತ್ತೇನೆ. ಸ್ವಲ್ಪ ತಡವಾದರೆ “ಏನಲೇ ಎತ್ತು, ಖಾಡೆ ಹಾಕ್ಲೇನು?” ಎಂದು ಕೂಗುತ್ತಾನೆ. ಎತ್ತು ಎಂದು ಕರೆಯುವ ಹಕ್ಕು ಅವನೊಬ್ಬನಿಗೆ ಇದೆ. ಭಾಬಿ ಮಾತ್ರ ನನ್ನ ಜೊತೆ ಇನ್ನೂ ಮಾತಾಡಿಲ್ಲ. ಮಾತಾಡು ಎಂದು ನಾನು ಕೇಳಿಯೂ ಇಲ್ಲ.

ಕರಾರನ್ನು ಹೊಸದಾಗಿ ಬರೆಯುವಾಗ ಅಫಜಲಪುರದವ ಒಂದು ಸಾಲು ಸೇರಿಸಿದ. ಯಾರೇ ಖಾಡೆ ಕೇಳಿದರೂ ಕಾರಕೂನ ಮೊದಲು ‘ಮೈಮೇಲೆ ಪೆಟ್ಟಿದೆಯೇ’ ಎಂದು ಬಾಯಿಬಿಟ್ಟು ಕೇಳಲೇಬೇಕು, ಕೈಕಾಲು ನೋಡಿಯೇ ಬರೆಯಬೇಕು. ಸಹಿ ಮಾಡುವ ಅಧಿಕಾರ ಈ ಸಲ ನನಗಿರಲಿಲ್ಲ. ಆದರೂ ಬೋರ್ಡಿನ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಎರಡು ಊಟದ ಹೊತ್ತು ಹಿಡಿಯಿತು.

ಈಗ ನನ್ನ ಹತ್ತಿರ ಇರುವುದು: ಜೇವರ್ಗಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಬ್ಬ ಹೆಂಡತಿ, ಪುಸ್ತಕದಲ್ಲಿ ಕೊನೆಯ ಹೆಸರಿನ ಗಟ್ಟಿ ಪಗಾರ, ವಾರಕ್ಕೊಂದು ಸೂಟಿ, ಒಂದು ಪಿ.ಎಫ್. ನಂಬರು, ಒಂದು ವಿಮೆ ಕಾರ್ಡು, ಹುಬ್ಬಿನ ಮೇಲೆ ಒಟ್ಟು ಹತ್ತು ಹೊಲಿಗೆ, ಅಂಚು ಹರಿದ ಒಂದು ಕಿವಿ, ಒಬ್ಬ ಗೆಳೆಯ. ಹುಕ್ಕು ಇಲ್ಲ. ಬೆರಳು ಹತ್ತು, ಹತ್ತೂ ಮಡಚುತ್ತವೆ.